ಬೆನ್ನ ಮೇಲಿನ ನೀರು

(ರಾಯಚೂರು ಸೀಮೆಯ ಗುಡ್ಡಗಳಲ್ಲಿ ದಿನವಿಡೀ ಓಡಿ ನಡೆದು ಬರಲು ಹೊರಟಿದ್ದ ಬಳಗದ ಗೆಳೆಯರಿಗೆ ಹೇಳಿದ ಮಾತುಗಳ ಬರಹರೂಪ.)



ದಿನವಿಡೀ ಕಾಲುದಾರಿಯಲ್ಲಿ ಓಡುವವರು ಎಂತಹ ಚೀಲವನ್ನು ಆರಿಸಿಕೊಳ್ಳಬೇಕು ಎಂಬುದನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಸಂಚಾಲಕರು ಕೇಳಿದ್ದಾರೆ. ಚೀಲಕ್ಕೂ ಒಂದು ಭಾಷಣವೇ ಎಂದು ನಿಮ್ಮಲ್ಲಿ ಕೆಲವರಿಗೆ ನಗು ಬಂದಿರಬಹುದು. ಹಿಂದೊಮ್ಮೆ ನಾನೂ ಹಾಗೆ ನಕ್ಕವನೇ. ಆ ನಗುವನ್ನು ಅಳಿಸಿದ ಒಂದು ದಿನದ ಸಂಗತಿಯಿಂದಲೇ ಆರಂಭಿಸುತ್ತೇನೆ.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಮಾನ್ವಿಯ ಕಡೆಯ ಗುಡ್ಡಗಳಿಗೆ ಕೆಲವು ವಿದ್ಯಾರ್ಥಿಗಳನ್ನು ಕರೆದೊಯ್ದಿದ್ದೆ. ಒಬ್ಬ ಹುಡುಗನಿಗೆ ಚೀಲ ಇರಲಿಲ್ಲ. ನನ್ನ ಹಳೆಯ ದೊಡ್ಡ ಚೀಲವನ್ನೇ ಕೊಟ್ಟೆ. ನೀರಿನ ಎರಡು ಬಾಟಲಿಗಳು ಬುತ್ತಿಯ ಕೆಳಗೆ, ತಳದಲ್ಲಿದ್ದವು. ಕುಡಿಯಬೇಕೆಂದರೆ ನಿಂತು, ಚೀಲ ಇಳಿಸಿ, ಎಲ್ಲವನ್ನೂ ಹೊರಗೆ ತೆಗೆಯಬೇಕು. ಉಳಿದವರಿಗೆ ತಡವಾದೀತೆಂಬ ಸಂಕೋಚದಿಂದ ಅವನು ನಿಲ್ಲಲೇ ಇಲ್ಲ. ಹನ್ನೊಂದು ಗಂಟೆಯ ಹೊತ್ತಿಗೆ ಬಂಡೆಯೊಂದಕ್ಕೆ ಒರಗಿ ಕುಳಿತುಬಿಟ್ಟ. ಮಾತು ತೊದಲುತ್ತಿತ್ತು. ನೆರಳಿಗೆ ಎತ್ತಿಕೊಂಡು ಹೋಗಿ, ಮೈಗೆ ನೀರು ಚಿಮುಕಿಸಿ, ಗಾಳಿ ಹಾಕಿ, ವೈದ್ಯರ ಬಳಿಗೆ ಕರೆದೊಯ್ದೆವು, ಉಳಿದುಕೊಂಡ. ಆಮೇಲೆ ಚೀಲ ಬಿಚ್ಚಿ ನೋಡಿದರೆ ಎರಡು ಬಾಟಲಿಗಳೂ ತುಂಬಿಯೇ ಇದ್ದವು. ತಪ್ಪು ಅವನದಲ್ಲ, ಆ ಚೀಲವನ್ನು ಕೊಟ್ಟ ನನ್ನದು.

ಆದ್ದರಿಂದ ನನ್ನ ಮಾತು ಇಷ್ಟೇ: ಕೈಯೆತ್ತಿದರೆ ನೀರು ಬಾಯಿಗೆ ಬರುವಂತಿರುವ ಚೀಲವನ್ನು ಆರಿಸಿಕೊಳ್ಳಿ. ಮಿಕ್ಕ ಗುಣಗಳೆಲ್ಲ ಇದರ ನಂತರ.

ಮಲೆನಾಡಿನಲ್ಲಿ ಬೆಳೆದ ನಮಗೆ ಇದು ಸುಲಭವಾಗಿ ಹೊಳೆಯುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ; ರಾಯಚೂರಿನಲ್ಲಿ ಅದು ಸುಮಾರು 600ರ ಆಸುಪಾಸು. ಏಪ್ರಿಲ್, ಮೇ ತಿಂಗಳುಗಳಲ್ಲಿ ಅಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ವಾಡಿಕೆ. ಆ ತಿಂಗಳುಗಳಲ್ಲಿ ಹಗಲೋಟವೇ ಬೇಡ. ಚಳಿಗಾಲದಲ್ಲಿಯೂ ಮಧ್ಯಾಹ್ನದ ಬಂಡೆ ಕಾವು ಉಗುಳುತ್ತದೆ, ಮರದ ನೆರಳು ವಿರಳ.

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ನಡುವಿನ ನಾಡಿನಲ್ಲಿ ನೀರಿಗೇನು ಬರ ಎಂದು ನೀವು ಕೇಳಬಹುದು. ಮಾನ್ವಿಯ ಕಡೆ ತುಂಗಭದ್ರಾ ಎಡದಂಡೆ ಕಾಲುವೆ ಇದೆ, ದೇವದುರ್ಗದ ಕಡೆ ನಾರಾಯಣಪುರ ಬಲದಂಡೆ ಕಾಲುವೆ ಇದೆ. ಆದರೆ ಕಾಲುವೆಯಲ್ಲಿ ಎಲ್ಲ ಕಾಲಕ್ಕೂ ನೀರಿರುವುದಿಲ್ಲ. ಇದ್ದಾಗಲೂ ಗದ್ದೆಗೆ ಸಿಂಪಡಿಸಿದ ಔಷಧಿ ಅದರಲ್ಲಿ ಸೇರಿರಬಹುದು. ಜಿಲ್ಲೆಯ ಅನೇಕ ಹಳ್ಳಿಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಮಿತಿಮೀರಿದೆ. ಕುದಿಸಿದರೂ ಅದು ಹೋಗದು. ರಾಯಚೂರು ನಗರದಲ್ಲಿಯೇ 2022ರ ಮೇ–ಜೂನ್ ಅವಧಿಯಲ್ಲಿ ಕಲುಷಿತ ನೀರು ಕುಡಿದು ಅನೇಕರು ಅಸ್ವಸ್ಥರಾದರು, ಸಾವುಗಳೂ ಸಂಭವಿಸಿದವು. ಆದುದರಿಂದ ಬೊಗಸೆಯೊಡ್ಡಿ ಕುಡಿಯುವ ನಮ್ಮ ಹಳ್ಳದ ಅಭ್ಯಾಸವನ್ನು ಅಲ್ಲಿಗೆ ಒಯ್ಯಬೇಡಿ. ಹಳ್ಳಿಗಳ ಶುದ್ಧ ನೀರಿನ ಘಟಕಗಳು ಎಲ್ಲಿವೆ, ಕೆಲಸ ಮಾಡುತ್ತಿವೆಯೇ ಎಂದು ಮೊದಲೇ ವಿಚಾರಿಸಿ ದಾರಿಯನ್ನು ಗೊತ್ತುಮಾಡಿಕೊಳ್ಳಿ. ನಾಲ್ಕಾರು ನಾಣ್ಯಗಳು ಕಿಸೆಯಲ್ಲಿರಲಿ.

ಈಗ ಲೆಕ್ಕ. ಬಿಸಿಲಿನಲ್ಲಿ ಓಡುವವರಿಗೆ ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ನೀರು ಬೇಕಾದೀತು. ಎಂಟು ಗಂಟೆಗೆ ನಾಲ್ಕರಿಂದ ಆರು ಲೀಟರ್, ಅಂದರೆ ನಾಲ್ಕರಿಂದ ಆರು ಕಿಲೋ. ಅಷ್ಟನ್ನೂ ಹೊತ್ತು ಓಡಲಾಗದು. ಎರಡು ಲೀಟರ್ ಹೊತ್ತು, ಮೂರು ಗಂಟೆಗೊಮ್ಮೆಯಾದರೂ ತುಂಬಿಕೊಳ್ಳುವಂತೆ ದಾರಿ ಇರಲಿ. ಬುತ್ತಿ, ಟೋಪಿ, ಔಷಧಿ, ಟಾರ್ಚು, ಸೀಟಿ ಇವೆಲ್ಲ ಸೇರಿ ಹತ್ತು ಲೀಟರ್ ಹಿಡಿಯುವ ಚೀಲ ಧಾರಾಳವಾಯಿತು. ಚೀಲ ದೊಡ್ಡದಾದಷ್ಟೂ ಬೇಡದ್ದನ್ನು ತುಂಬುವ ಆಸೆ ದೊಡ್ಡದಾಗುತ್ತದೆ.

ಜಾಕೀಟಿನಂತೆ ತೊಡುವ ಓಟದ ಚೀಲಗಳಲ್ಲಿ ಎದೆಯ ಮೇಲೆ ಎರಡು ಮೆತ್ತನೆಯ ಬಾಟಲಿಗಳಿಗೆ ಕಿಸೆ ಇರುತ್ತದೆ. ಬೆನ್ನಿಗೆ ನಳಿಕೆಯುಳ್ಳ ನೀರಿನ ಚೀಲವಿರುವವೂ ಇವೆ. ಕುಡಿಯಲು ಅನುಕೂಲವೇ, ಆದರೆ ಎಷ್ಟು ಉಳಿದಿದೆ ಎಂಬುದು ಕಣ್ಣಿಗೆ ಕಾಣದು. ಹೊಸಬರಿಗೆ ಎದೆಯ ಬಾಟಲಿಗಳೇ ಮೇಲು. ಒಂದರಲ್ಲಿ ಬರಿಯ ನೀರು, ಇನ್ನೊಂದರಲ್ಲಿ ಓಆರ್‌ಎಸ್ ದ್ರಾವಣವಿರಲಿ. ಬೆವರಿನೊಡನೆ ಉಪ್ಪೂ ಹೋಗುತ್ತದೆ; ಬರಿಯ ನೀರನ್ನೇ ಮಿತಿಮೀರಿ ಕುಡಿದರೆ ರಕ್ತದ ಉಪ್ಪಿನಂಶ ಕುಸಿದು ಅಪಾಯವಾಗುತ್ತದೆ.

ಭಾರವು ಮೈಗೆ ಅಂಟಿಕೊಂಡಿರಬೇಕು. ರಾಯಚೂರಿನ ಹೊಲಗಳಲ್ಲಿ ಹತ್ತಿ ಬಿಡಿಸುವ ತಾಯಂದಿರನ್ನು ನೋಡಿ: ಉಡಿ ಕಟ್ಟಿ ಹತ್ತಿಯನ್ನು ಒಡಲಿಗೆ ಒತ್ತಿ ತುಂಬಿಕೊಳ್ಳುತ್ತಾರೆ, ಎರಡೂ ಕೈ ಬಿಡುವಾಗಿರುತ್ತವೆ. ಅದೇ ಸೂತ್ರ ಇಲ್ಲಿಯೂ. ಅಂಗಡಿಯಲ್ಲಿ ಬರಿದಾದ ಚೀಲ ತೊಟ್ಟು ನೋಡಿದರೆ ಸಾಲದು. ನೀರು ತುಂಬಿಸಿ ನಾಲ್ಕು ಹೆಜ್ಜೆ ಓಡಿ. ಕುಣಿದರೆ ಬಿಡಿ, ಉಸಿರು ಕಟ್ಟಿದರೂ ಬಿಡಿ. ಹೆಣ್ಣುಮಕ್ಕಳು ಎದೆಯ ಪಟ್ಟಿಗಳನ್ನು ಮೇಲೆ ಕೆಳಗೆ ಸರಿಸಲು ಬರುತ್ತದೆಯೇ ಎಂದು ತಪ್ಪದೆ ನೋಡಿಕೊಳ್ಳಿ. ಹೊರಡುವ ಮುನ್ನ ಊರಿನಲ್ಲಿಯೇ ತುಂಬಿದ ಚೀಲದೊಡನೆ ಒಂದು ಗಂಟೆ ಓಡಿ, ಎಲ್ಲಿ ತರಚುತ್ತದೆ ಎಂದು ಅರಿತು, ಅಲ್ಲಿಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳಿ. ಆ ಕಡೆ ಜಾಲಿಯ ಮುಳ್ಳು ವಿಪರೀತ. ಜಾಳುಜಾಳಾದ ಬಲೆಬಟ್ಟೆ ಒಂದೇ ದಿನಕ್ಕೆ ಹರಿದೀತು.

ಇಂತಹ ಚೀಲಕ್ಕೆ ಸಾವಿರಾರು ರೂಪಾಯಿ ಎಲ್ಲಿಂದ ತರುವುದು ಎಂದು ವಿದ್ಯಾರ್ಥಿಗಳು ಕೇಳುವುದು ಸಹಜ. ಮೈಗೆ ಹೊಂದುವ ಸಣ್ಣ ಶಾಲಾಚೀಲವೊಂದನ್ನು ದರ್ಜಿಯ ಬಳಿ ಒಯ್ಯಿರಿ. ಭುಜದ ಪಟ್ಟಿಗಳಿಗೆ ಬಾಟಲಿ ಹಿಡಿಯುವ ಎರಡು ಕಿಸೆ, ಎದೆಗೆ ಅಡ್ಡಲಾಗಿ ಒಂದು ಪಟ್ಟಿ ಹೊಲಿಸಿಕೊಳ್ಳಿ. ಮೊದಲ ವರ್ಷಕ್ಕೆ ಅಷ್ಟು ಸಾಕು. ಬುತ್ತಿಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿ ಅಲ್ಲಿಯೇ ಸಿಗುತ್ತವೆ. ಒಂದು ಕಿಸೆ ಕಸಕ್ಕೆ ಮೀಸಲಾಗಿರಲಿ; ಖಾಲಿ ಪೊಟ್ಟಣವೊಂದನ್ನೂ ಆ ಗುಡ್ಡದಲ್ಲಿ ಬಿಟ್ಟು ಬರಬಾರದು.

ರಾಯಚೂರಿಗೆ ಹೋದಾಗ ಕೋಟೆಯ ಗೋಡೆಯನ್ನು ನೋಡಿ ಬನ್ನಿ. 1294ರ ಶಾಸನವಿರುವ ಸುಮಾರು 41 ಅಡಿ ಉದ್ದದ ಕಲ್ಲೊಂದು ಅಲ್ಲಿದೆ. ಅಂತಹ ಕಲ್ಲನ್ನು ಬಂಡಿಯ ಮೇಲೇರಿಸಿ, ಕೋಣಗಳನ್ನು ಹೂಡಿ ಎಳೆತಂದ ಬಗೆಯನ್ನೂ ಗೋಡೆಯಲ್ಲಿ ಕೊರೆದಿದ್ದಾರೆ. ಭಾರ ಹೊರುವುದಕ್ಕೆ ಕ್ರಮವೊಂದಿದೆ, ಅದನ್ನು ಮುಂದಿನವರಿಗೆ ತಿಳಿಸಬೇಕು ಎಂದು ಆ ಕೆಲಸದವರಿಗೆ ಅನಿಸಿರಬೇಕು.

ಕೊನೆಯದಾಗಿ, ತಂಡದ ಮುಂದಾಳುಗಳಿಗೆ ಒಂದು ಕೋರಿಕೆ. ಗಂಟೆಗೊಮ್ಮೆ ಎಲ್ಲರನ್ನೂ ನಿಲ್ಲಿಸಿ, ಪ್ರತಿಯೊಬ್ಬರ ಬಾಟಲಿಯನ್ನೂ ನೋಡಿ. ಯಾರ ಬಾಟಲಿ ತುಂಬಿಯೇ ಇದೆಯೋ ಅವರನ್ನು ಮೊದಲು ಮಾತನಾಡಿಸಿ.