ದನದ ವ್ಯಾಗನ್ನಿನ ಒಂದು ಮೂಲೆ

1000 ಮಿಲಿಮೀಟರಿನ ಮೀಟರ್ ಗೇಜನ್ನು 87ನೆಯ ಒಂದು ಪಾಲಿಗೆ ಇಳಿಸಿದರೆ ಹಳಿಗಳ ನಡುವೆ ಉಳಿಯುವುದು ಸುಮಾರು 11.5 ಮಿಲಿಮೀಟರ್. ಅಮೃತಹಳ್ಳಿಯ ಮನೆಯಲ್ಲಿ ನಾನು ಈ ಅಳತೆಯಲ್ಲಿ ಯಲಹಂಕ–ಹಿಂದೂಪುರ ದಾರಿಗೆ ಒಪ್ಪುವ ಹಳೆಯ ದನದ ವ್ಯಾಗನ್ನೊಂದನ್ನು ಕಟ್ಟಿದೆ. 1979ರಲ್ಲಿ ಸ್ಥಾಪಿತವಾದ ಮೈಸೂರಿನ ರೈಲು ವಸ್ತುಸಂಗ್ರಹಾಲಯದಲ್ಲಿ ಹಳೆಯ ಗಾಡಿಗಳನ್ನು ಕಣ್ಣಾರೆ ಕಂಡು ಚಕ್ರ, ಕೊಂಡಿಗಳನ್ನು ತಿದ್ದಿಕೊಂಡೆ. ಗಾಳಿಯಾಡಲು ಬಿಟ್ಟ ಸಂದುಗಳನ್ನು ಹಳೆಯ ಚಿತ್ರಗಳಿಂದ ಎಣಿಸಿದೆ.

ತಂದೆಯವರು ಅದನ್ನು ನೋಡಿ ಕೇಳಿದರು: ‘ಹುಲ್ಲೆಲ್ಲಿ ಮಗು? ನಾನು ಕೂತಿದ್ದ ಮೂಲೆಯೆಲ್ಲಿ?’ ಘಾಟಿ ಜಾತ್ರೆಯಲ್ಲಿ ಕೊಂಡ ಜೋಡೆತ್ತುಗಳೊಡನೆ ಮಾಕಳಿದುರ್ಗದಲ್ಲಿ ವ್ಯಾಗನ್ ಹತ್ತಿ, ಇರುಳೆಲ್ಲ ಅವುಗಳ ಕೊರಳು ನೇವರಿಸುತ್ತ ಹೋದ ಬಾಲಕ ಅವರು. ಅವರು ಬೆರಳಿಟ್ಟು ತೋರಿದೆಡೆಯಲ್ಲಿ ಒಂದಿಷ್ಟು ಹುಲ್ಲು, ಒಬ್ಬ ಹುಡುಗನನ್ನು ಇರಿಸಿದೆ.

ತಂದೆಯವರು ಈಗಿಲ್ಲ. ಹಳೆಯ ಗಾಡಿಗಳನ್ನು ಅರಸುವವರು ನಕ್ಷೆಗಿಂತ ಮೊದಲು ಮನೆಯ ಹಿರಿಯರನ್ನು ಕೇಳುವುದು ಒಳ್ಳೆಯದು.