ನೀರು ನಿಲ್ಲಿಸಿದ ದಿನವೇ ವಸೂಲಿಯೂ ನಿಲ್ಲಲಿ

(ಕಾವೇರಿ ಅಚ್ಚುಕಟ್ಟಿನ ರೈತರ ಸಭೆಯಲ್ಲಿ ಆಡಿದ ಮಾತಿನ ಬರಹರೂಪ)



ಬರಗಾಲದಲ್ಲಿ ನೀರು ಹಿಡಿದು ಬಳಸಬೇಕು ಅಂತ ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಕೊನೆ ಭಾಗದಲ್ಲಿ ಗದ್ದೆ ಇರುವವನಿಗೆ ನೀರಿನ ಬೆಲೆ ಇಂಜಿನಿಯರಿಗಿಂತ ಚೆನ್ನಾಗಿ ಗೊತ್ತು. ಸರ್ಕಾರ ನೀರಿಗೆ ಕಟ್ಟಳೆ ಹಾಕಲೇಬಾರದು ಅಂತ ನಾನು ಹೇಳುತ್ತಿಲ್ಲ. ಆ ಕಟ್ಟಳೆಯ ಖರ್ಚು ಯಾರ ತಲೆಗೆ ಅಂತ ಕೇಳುತ್ತಿದ್ದೇನೆ.

2023ರ ವರ್ಷವನ್ನೇ ತಗೊಳ್ಳಿ. ಮುಂಗಾರು ಕೈಕೊಟ್ಟಿತು. ಸೆಪ್ಟೆಂಬರ್ 13ರಂದು ಸರ್ಕಾರ 195 ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಿತು. ಆಮೇಲೆ ಅದು 223ಕ್ಕೆ ಏರಿತು. ಈಗ ತಾರೀಖು ಲೆಕ್ಕ ಹಾಕಿ. ಸೆಪ್ಟೆಂಬರಿನ ಹೊತ್ತಿಗೆ ನಾವು ಏನು ಮಾಡಿರುತ್ತೇವೆ? ಸೊಸೈಟಿಯಲ್ಲಿ ಸಾಲ ಎತ್ತಿ ಆಗಿರುತ್ತೆ. ಉತ್ತು, ನಾಟಿ ಹಾಕಿಸಿ, ಮೊದಲ ಗೊಬ್ಬರವನ್ನೂ ಚೆಲ್ಲಿರುತ್ತೇವೆ. ದುಡ್ಡೆಲ್ಲ ಮಣ್ಣಿಗೆ ಹೋದ ಮೇಲೆ ಬರ ಬಂದಿದೆ ಅಂತ ಕಾಗದ ಬರುತ್ತೆ.

ಭದ್ರಾ ಅಚ್ಚುಕಟ್ಟಿನಲ್ಲಿ ಅದೇ ವರ್ಷ ಏನಾಯ್ತು? ಮೊದಲು ನೂರು ದಿನ ಸತತವಾಗಿ ನೀರು ಬಿಡುತ್ತೇವೆ ಅಂದರು. ಆ ಮಾತು ನಂಬಿ ರೈತರು ಭತ್ತ ನಾಟಿ ಮಾಡಿದರು. ಸೆಪ್ಟೆಂಬರಿನಲ್ಲಿ ಅದೇ ನೀರಾವರಿ ಸಲಹಾ ಸಮಿತಿ ಬಿಟ್ಟು ಬಿಟ್ಟು ನೀರು ಕೊಡುತ್ತೇವೆ ಅಂತು. ರೈತರು ಬೀದಿಗಿಳಿದರು, ದಾವಣಗೆರೆ ಬಂದ್ ಆಯ್ತು. ಇತ್ತ ನಮ್ಮ ಕಡೆ ಕಟ್ಟು ಪದ್ಧತಿಯಲ್ಲಿ ನೀರು ಬಂತು. ಬೇಸಿಗೆ ಬೆಳೆಗೆ ನೀರಿಲ್ಲ, ಭತ್ತ ಹಾಕಬೇಡಿ ಅಂದರು. ಮಾತು ಮೀರಿ ಹಾಕಿದರೆ ನೀರಾವರಿ ಕಾಯ್ದೆ ಪ್ರಕಾರ ಅದು ಅನಧಿಕೃತ ಬೆಳೆ, ಅದಕ್ಕೆ ದಂಡದ ಕರ.

ಬೆಂಗಳೂರಿಗೂ ಕಟ್ಟಳೆ ಬಂತು, ಇಲ್ಲವೆನ್ನುವುದಿಲ್ಲ. 2024ರ ಮಾರ್ಚಿನಲ್ಲಿ ಜಲಮಂಡಳಿಯವರು ಕುಡಿಯುವ ನೀರಿನಲ್ಲಿ ಕಾರು ತೊಳೆಯಬಾರದು, ಕೈತೋಟಕ್ಕೆ ಹಾಕಬಾರದು, ಕಟ್ಟಡಕ್ಕೆ ಬಳಸಬಾರದು ಅಂತ ಆದೇಶ ಮಾಡಿದರು. ತಪ್ಪಿದರೆ 5,000 ರೂಪಾಯಿ ದಂಡ, ಮತ್ತೆ ತಪ್ಪಿದರೆ ಮೇಲೆ ದಿನಕ್ಕೆ 500. ಒಳ್ಳೆಯದೇ ಮಾಡಿದರು. ಪಟ್ಟಣದ ಜನ ನಮ್ಮ ಶತ್ರುಗಳಲ್ಲ. ನಮ್ಮ ಮಕ್ಕಳೂ ಅಲ್ಲೇ ಬಾಡಿಗೆ ಮನೆಯಲ್ಲಿ ಕೊಡ ಹಿಡಿದು ನಿಂತಿದ್ದರು. ಕುಡಿಯುವ ನೀರು ಮೊದಲು, ಬೆಳೆ ಆಮೇಲೆ. 2002ರ ರಾಷ್ಟ್ರೀಯ ಜಲನೀತಿಯೂ ಅದನ್ನೇ ಹೇಳಿತ್ತು, ನಮ್ಮ ಅಜ್ಜಂದಿರೂ ಅದನ್ನೇ ಹೇಳುತ್ತಿದ್ದರು.

ಆದರೆ ತಕ್ಕಡಿಯಲ್ಲಿ ಇಟ್ಟು ನೋಡಿ. ಕಾರು ತೊಳೆಯದವನಿಗೆ ಏನು ನಷ್ಟ? ಕಾರು ಧೂಳು ಹಿಡಿಯುತ್ತೆ, ಅಷ್ಟೆ. ಅವನ ಸಂಬಳ ತಿಂಗಳಿಗೆ ಬಂದೇ ಬರುತ್ತೆ. ನಾಟಿ ಹಾಕದವನಿಗೆ ವರ್ಷದ ಸಂಬಳವೇ ಹೋಯ್ತು. ಎರಡಕ್ಕೂ ಸರ್ಕಾರ ಇಟ್ಟಿರುವ ಹೆಸರು ಒಂದೇ, ನೀರಿನ ಮಿತ ಬಳಕೆ!

ಇನ್ನು ಪರಿಹಾರದ ಕಥೆ ಕೇಳಿ. ಇದನ್ನು ಪ್ರತಿಯೊಬ್ಬ ರೈತನೂ ಬರೆದಿಟ್ಟುಕೊಳ್ಳಬೇಕು. 2022ರಿಂದ 2026ರವರೆಗಿನ ವಿಪತ್ತು ಪರಿಹಾರದ ನಿಯಮದಲ್ಲಿ ಬೆಳೆ ನೂರಕ್ಕೆ 33 ಭಾಗ ಅಥವಾ ಅದಕ್ಕಿಂತ ಹೆಚ್ಚು ಹಾಳಾದರೆ ಖುಷ್ಕಿಗೆ ಹೆಕ್ಟೇರಿಗೆ 8,500, ನೀರಾವರಿಗೆ 17,000 ರೂಪಾಯಿ ಅಂತ ಇಟ್ಟರು. ಅದೂ ಎರಡು ಹೆಕ್ಟೇರಿಗೆ ಮಾತ್ರ. ನೀರಾವರಿ ಗದ್ದೆಗೆ ಎಕರೆಗೆ 6,900 ರೂಪಾಯಿ ಹತ್ತಿರ ಆಯ್ತು. 2023-24ರಲ್ಲಿ ಭತ್ತಕ್ಕೆ ಸರ್ಕಾರವೇ ಕಟ್ಟಿದ ಬೆಂಬಲ ಬೆಲೆ ಕ್ವಿಂಟಾಲಿಗೆ 2,183. ಎಕರೆಗೆ 20 ಕ್ವಿಂಟಾಲ್ ಅಂತಲೇ ಹಿಡಿಯಿರಿ, 43,660 ಆಗುತ್ತೆ. ಹೋದದ್ದು ಎಷ್ಟು, ಬಂದದ್ದು ಎಷ್ಟು?

ಅದಕ್ಕಿಂತ ದೊಡ್ಡ ಕೊಕ್ಕೆ ಇನ್ನೊಂದಿದೆ. ಈ ಹಣ ಬಿತ್ತಿದ ಜಮೀನಿಗೆ ಮಾತ್ರ ಅಂತ ಅದೇ ನಿಯಮ ಹೇಳಿತ್ತು. ಇದರ ಅರ್ಥ ಏನು? ಸರ್ಕಾರದ ಮಾತು ಕೇಳಿ ನಾಟಿ ಹಾಕದೆ ಸುಮ್ಮನಿದ್ದವನ ಪಹಣಿಯಲ್ಲಿ ಬೆಳೆಯೇ ಇಲ್ಲ. ಬೆಳೆ ಇಲ್ಲದ ಮೇಲೆ ಬೆಳೆನಷ್ಟ ಎಲ್ಲಿಂದ ಬರಬೇಕು? ಆದೇಶ ಪಾಲಿಸಿದವನಿಗೆ ಸೊನ್ನೆ, ಮೀರಿದವನಿಗೆ ದಂಡ. ವಿಮೆಯಲ್ಲಿ ಬಿತ್ತನೆ ಆಗದಿದ್ದರೆ ವಿಮಾ ಮೊತ್ತದ ನೂರಕ್ಕೆ 25 ಭಾಗ ಕೊಡುವ ಕಲಮು ಇದೆ. ಆದರೆ ಅದು ಸಿಗಬೇಕಾದರೆ ಆ ಘಟಕದ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಜಮೀನು ಬಿತ್ತನೆ ಇಲ್ಲದೆ ಬಿದ್ದಿರಬೇಕು. ಮೇಲ್ಭಾಗದಲ್ಲಿ ಬೋರು ಇರುವವರು ಒಂದಿಷ್ಟು ಹಾಕಿಬಿಟ್ಟರೆ ಕೊನೆ ಭಾಗದವನ ಲೆಕ್ಕ ಮುಗೀತು.

ಸಾಲದ ವಿಷಯಕ್ಕೆ ಬರೋಣ. ಸೊಸೈಟಿಯ ಬೆಳೆಸಾಲಕ್ಕೆ ಬಡ್ಡಿ ಇಲ್ಲ ಅನ್ನುತ್ತಾರೆ. ಗಡುವಿಗೆ ಕಟ್ಟಿದವನಿಗೆ ಇಲ್ಲ, ತಪ್ಪಿದವನಿಗೆ ಉಂಟು. ನಾಲೆ ನಿಲ್ಲಿಸಿದವರು ಗಡುವನ್ನು ನಿಲ್ಲಿಸಲಿಲ್ಲವಲ್ಲ! ಅದೇ ಬರಗಾಲದ ವರ್ಷ ಸರ್ಕಾರ ಸಹಕಾರ ಬ್ಯಾಂಕುಗಳ ಮಧ್ಯಮಾವಧಿ, ದೀರ್ಘಾವಧಿ ಸುಸ್ತಿ ಸಾಲದ ಬಡ್ಡಿ ಮನ್ನಾ ಮಾಡಿತು. ಷರತ್ತು ಏನು? 2024ರ ಫೆಬ್ರವರಿ ಕೊನೆಯೊಳಗೆ ಅಸಲು ಪೂರ್ತಿ ಕಟ್ಟಬೇಕು. ಗದ್ದೆ ಬಿರುಕು ಬಿಟ್ಟ ವರ್ಷ ಅಸಲು ಎಲ್ಲಿಂದ ತರೋದು ಸ್ವಾಮಿ? ಚಿನ್ನ ಅಡ ಇಟ್ಟು, ಇಲ್ಲ ಕೈಸಾಲ ಮಾಡಿ. ಒಂದು ಸಾಲ ತೀರಿಸಲು ಅದಕ್ಕಿಂತ ಕೆಟ್ಟ ಸಾಲ.

ಹಾಗಂತ ದಾರಿಯೇ ಇಲ್ಲ ಅಂತಲ್ಲ. 2018ರಲ್ಲಿ ರಿಸರ್ವ್ ಬ್ಯಾಂಕು ಒಂದು ನಿರ್ದೇಶನ ಹೊರಡಿಸಿತು. ಪ್ರಕೃತಿ ವಿಕೋಪದಲ್ಲಿ ಬೆಳೆ 33ರಿಂದ 50 ಭಾಗ ಹೋದರೆ ಬೆಳೆಸಾಲದ ಮರುಪಾವತಿಗೆ ಎರಡು ವರ್ಷದವರೆಗೆ, ಅದಕ್ಕೂ ಮೇಲೆ ಹೋದರೆ ಐದು ವರ್ಷದವರೆಗೆ ಅವಕಾಶ ಅಂತ ಅದು ಹೇಳಿತ್ತು. ಅದರಲ್ಲಿ ಮೊದಲ ವರ್ಷ ವಸೂಲಿಯೇ ಇರಲಿಲ್ಲ. ಇದು ಮನ್ನಾ ಅಲ್ಲ, ಭಿಕ್ಷೆಯೂ ಅಲ್ಲ, ಉಸಿರಾಡಲು ವೇಳೆ. ಆದರೆ ಅದಕ್ಕೂ ಬೆಳೆನಷ್ಟದ ಅಂದಾಜು ಬರಬೇಕಿತ್ತು, ಬ್ಯಾಂಕರುಗಳ ಸಭೆ ಕೂಡಬೇಕಿತ್ತು. ಅಷ್ಟರಲ್ಲಿ ನೋಟೀಸು ಮನೆ ಬಾಗಿಲಿಗೆ ಬಂದಿರುತ್ತಿತ್ತು.

ನಮ್ಮ ಕೋರಿಕೆಗೆ ಮೇಲ್ಪಂಕ್ತಿ ಇಲ್ಲ ಅಂತ ಯಾರಾದರೂ ಅಂದರೆ ಇದನ್ನು ಹೇಳಿ. ಬರದಲ್ಲಿ ಊರಿಗೆ ಕುಡಿಯುವ ನೀರು ಇಲ್ಲದಾಗ ಸರ್ಕಾರ ರೈತನ ಬೋರನ್ನು ಬಾಡಿಗೆಗೆ ಹಿಡಿಯುತ್ತೆ. 2024ರ ಬೇಸಿಗೆಯಲ್ಲೂ ಹಿಡಿಯಿತು. ನಮ್ಮ ಜಮೀನಿನ ಬೋರಿನಿಂದ ಊರಿಗೆ ನೀರು ತಗೊಂಡರೆ ಬಾಡಿಗೆ ಉಂಟು. ನಮ್ಮ ಗದ್ದೆಗೆ ಬರಬೇಕಾದ ನಾಲೆ ನೀರನ್ನು ಪಟ್ಟಣಕ್ಕೋ ಕೆಳಗಿನ ರಾಜ್ಯಕ್ಕೋ ಉಳಿಸಿಕೊಂಡರೆ ಕವಡೆ ಕಾಸಿಲ್ಲ. ಇದು ಯಾವ ನ್ಯಾಯ?

ಮಲಪ್ರಭಾ ಅಚ್ಚುಕಟ್ಟನ್ನು ಮರೆಯಬೇಡಿ. ನೀರು ಸರಿಯಾಗಿ ಮುಟ್ಟದ ಹೊಲಕ್ಕೂ ಅಭಿವೃದ್ಧಿ ಕರ ಕಟ್ಟು ಅಂದದ್ದಕ್ಕೇ ರೈತರು ಎದ್ದರು. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಗುಂಡು ಹಾರಿತು. ಕೊಡದ ನೀರಿಗೆ ವಸೂಲಿ ಬೇಡ ಅನ್ನುವುದೇ ಅಂದಿನ ಮಾತು. ಇಂದಿನ ಮಾತೂ ಅದೇ, ಆಗ ಕರ, ಈಗ ಸಾಲ.

ಆದ್ದರಿಂದ ನಮ್ಮ ಬೇಡಿಕೆ ಮೂರು. ಒಂದು, ನೀರು ಎಷ್ಟು ದಿನ, ಯಾವ ಬೆಳೆಗೆ ಅಂತ ಒಟ್ಲು ಬಿಡುವ ಮೊದಲೇ ಬರವಣಿಗೆಯಲ್ಲಿ ಹೇಳಬೇಕು. ಹೇಳಿದ ಮೇಲೆ ಬದಲಿಸಿದರೆ ಹಾಕಿದ ಖರ್ಚು ಸರ್ಕಾರದ್ದು. ಎರಡು, ಆದೇಶದಂತೆ ಬೆಳೆ ಬಿಟ್ಟ ರೈತನಿಗೆ ಎಕರೆ ಲೆಕ್ಕದಲ್ಲಿ ಹಣ ಬರಬೇಕು. ಬಿತ್ತಿದವನಿಗೆ ಮಾತ್ರ ಅನ್ನುವ ಕಲಮು ಹೋಗಬೇಕು. ಮೂರು, ನಾಲೆ ನಿಲ್ಲಿಸುವ ಆದೇಶದಲ್ಲೇ ಆ ಅಚ್ಚುಕಟ್ಟಿನ ಬೆಳೆಸಾಲದ ಗಡುವು ಮುಂದಕ್ಕೆ ಹೋಯ್ತು ಅಂತ ಬರೆಯಬೇಕು.

ಬೇಡಿಕೆ ಇಟ್ಟು ಮನೆಯಲ್ಲಿ ಕೂತರೆ ಆಗಲ್ಲ. ಬೆಳೆ ಹಾಕಬೇಡಿ ಅಂತ ಮೈಕಿನಲ್ಲಿ ಸಾರಿದರೆ ಕೇಳಿ ಸುಮ್ಮನಾಗಬೇಡಿ, ಬರವಣಿಗೆ ಕೇಳಿ. ಅದರ ನಕಲನ್ನು ಅರ್ಜಿಗೆ ಲಗತ್ತಿಸಿ ಸೊಸೈಟಿಗೂ ಬ್ಯಾಂಕಿಗೂ ಸಾಲ ಪರಿವರ್ತನೆ ಕೇಳಿ, ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ಒಬ್ಬೊಬ್ಬರೇ ಹೋಗಬೇಡಿ, ಒಂದು ತೂಬಿನ ಕೆಳಗಿನವರೆಲ್ಲ ಒಟ್ಟಿಗೆ ಹೋಗಿ. ಮೇಲ್ಭಾಗದವರಿಗೆ ಒಂದು ಮಾತು. ರಾತ್ರೋರಾತ್ರಿ ನಾಲೆಗೆ ಪಂಪು ಇಳಿಸಬೇಡಿ. ನೀವು ಎತ್ತುವ ನೀರು ಸರ್ಕಾರದ್ದಲ್ಲ, ಕೊನೆ ಭಾಗದ ಅಣ್ಣತಮ್ಮಂದಿರದು. ನಮ್ಮೊಳಗೇ ನ್ಯಾಯ ಇಲ್ಲದಿದ್ದರೆ ವಿಧಾನಸೌಧದ ಮುಂದೆ ಯಾವ ಮುಖ ಇಟ್ಟುಕೊಂಡು ನ್ಯಾಯ ಕೇಳೋದು?

ಬರ ಮತ್ತೆ ಬರುತ್ತೆ, ಆದೇಶವೂ ಬರುತ್ತೆ. ಆ ದಿನ ನಮ್ಮ ಕೈಯಲ್ಲಿ ಅರ್ಜಿ ಇರಬೇಕು, ಬೆನ್ನಿಗೆ ಊರಿರಬೇಕು. ಈ ಮೂರು ಬೇಡಿಕೆಯನ್ನು ಮುಂದಿನ ಗ್ರಾಮಸಭೆಯಲ್ಲಿ ಠರಾವು ಮಾಡಿ ತಾಲ್ಲೂಕು ಕಚೇರಿಗೆ ಮುಟ್ಟಿಸಿ ಅಂತ ಕೇಳಿಕೊಂಡು ನನ್ನ ಮಾತು ಮುಗಿಸುತ್ತೇನೆ.