ಕಡಲಿಗಿಳಿಯುವ ಮುನ್ನ ಮರಳುವ ಲೆಕ್ಕ

(ಉತ್ಸವದ ಸಭಾ ಕಾರ್ಯಕ್ರಮದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮಂಜೇಶ್ವರ, ಉಪ್ಪಳ, ಶಿರಿಯ, ಕುಂಬಳೆ, ಮೊಗ್ರಾಲ್, ಕಾಸರಗೋಡು ಎಂದು ಸಾಲಾಗಿ ಹಬ್ಬಿರುವ ಈ ಕಡಲ ತಡಿಯಲ್ಲಿ ಮೀನುಗಾರಿಕೆ ಎಂಬುದು ಬರೇ ಹೊಟ್ಟೆಪಾಡಲ್ಲ, ತಲೆಮಾರುಗಳ ವಿದ್ಯೆ. ಆದರೆ ಈ ವಿದ್ಯೆಗೆ ಪುಸ್ತಕವಿಲ್ಲ. ತಂಡೇಲನ ಬಾಯಿಂದ ಹುಡುಗರ ಕಿವಿಗೆ ಬಂದದ್ದೇ ಪಾಠ. ಇಂದು ದೋಣಿಗೆ ಯಂತ್ರ ಬಂದಿದೆ, ಕೈಯಲ್ಲಿ ಮೊಬೈಲ್ ಫೋನ್ ಬಂದಿದೆ. ಪಾಠ ಹೇಳುವ ಹಿರಿಯರು ಕಡಿಮೆಯಾಗುತ್ತಿದ್ದಾರೆ. ಆದುದರಿಂದ ಕಡಲಿಗೆ ಇಳಿಯುವವನು ಕಾಲವನ್ನು ಹೇಗೆ ಲೆಕ್ಕ ಹಾಕಬೇಕೆಂಬ ನಾಲ್ಕು ಮಾತು ಈ ಸಭೆಯಲ್ಲಿ ಅಪ್ರಸ್ತುತವಾಗಲಾರದು.

ಹಿರಿಯರ ಲೆಕ್ಕದ ಸಾರ ಇಷ್ಟೆ: ಮರಳುವ ಹೊತ್ತನ್ನು ಮೊದಲು ಗೊತ್ತುಮಾಡು, ಹೊರಡುವ ಹೊತ್ತು ತಾನಾಗಿ ಸಿಗುತ್ತದೆ. ಅಂಗಡಿಗೆ ಸಾಮಾನು ತರುವವನು ಮಾರಿಹೋಗುವಷ್ಟನ್ನೇ ತರುವಂತೆ, ಕಡಲಿಗೆ ಹೋಗುವವನು ಮರಳಿ ಬರಲಾಗುವಷ್ಟೇ ದೂರ ಹೋಗಬೇಕು.

ಮೊದಲಿಗೆ ವರ್ಷದ ಲೆಕ್ಕ. ಕಾರ್ತೆಲ್ ಮತ್ತು ಆಟಿ ತಿಂಗಳುಗಳಲ್ಲಿ, ಅಂದರೆ ಜೂನ್ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಮುಂಗಾರಿನ ಗಾಳಿ ಕಡಲನ್ನು ಕಲಕುತ್ತದೆ. ಈ ಕಲಕುವಿಕೆ ನಷ್ಟವಲ್ಲ. ಮೇಲಿನ ಬೆಚ್ಚಗಿನ ನೀರು ದಡದಿಂದ ಆಚೆಗೆ ಸರಿದಾಗ ತಳದ ತಣ್ಣೀರು ಮೇಲೇರುತ್ತದೆ. ಅದರೊಡನೆ ಬರುವ ಸತ್ವದಿಂದ ಕಣ್ಣಿಗೆ ಕಾಣದ ಸೂಕ್ಷ್ಮ ಸಸ್ಯಗಳು ಬೆಳೆಯುತ್ತವೆ. ಅದೇ ಬೂತಾಯಿಯ ಆಹಾರ. ಬೂತಾಯಿ ಮೊಟ್ಟೆಯಿಡುವುದೂ ಮುಖ್ಯವಾಗಿ ಈ ಮಳೆಗಾಲದಲ್ಲಿಯೇ. ಹಿಂದೆ ಈ ದಿನಗಳಲ್ಲಿ ದೋಣಿಗಳನ್ನು ಮೇಲೆಳೆದು ಮಡಲು ಹೊದಿಸಿ, ಬಲೆ ಹೆಣೆದು, ಹೊಳೆಯಲ್ಲಿ ಬೀಸುಬಲೆ ಹಾಕಿ ಕಾಲ ಕಳೆಯುತ್ತಿದ್ದರು. ಶ್ರಾವಣದ ನೂಲಹುಣ್ಣಿಮೆಗೆ ಸಮುದ್ರಪೂಜೆ ಮಾಡಿ ಹಾಲು, ಹೂವು, ತೆಂಗಿನಕಾಯಿ ಅರ್ಪಿಸಿ ಕಡಲಿಗೆ ಇಳಿಯುವ ಕ್ರಮದ ಹಿಂದೆ ಭಕ್ತಿಯ ಜೊತೆಗೆ ಬುದ್ಧಿಯೂ ಇದೆ. ಆ ಹೊತ್ತಿಗೆ ಮುಂಗಾರಿನ ಬಿರುಸು ತಗ್ಗತೊಡಗಿರುತ್ತದೆ.

ಸೋಣದಿಂದ ಜಾರ್ದೆಯವರೆಗೆ ಕಡಲ ಸುಗ್ಗಿ. ಮಳೆ ಇಳಿಯುತ್ತಿದ್ದಂತೆ ನಂಗು ದಡದ ಹತ್ತಿರ ಬರುತ್ತದೆ. ಬೂತಾಯಿ, ಬಂಗುಡೆಗಳ ಗುಂಪುಗಳು ಕಾಣತೊಡಗುತ್ತವೆ. ಬಂಗುಡೆಗೆ ಅಕ್ಟೋಬರ್, ನವೆಂಬರ್ ವಿಶೇಷ. ಹಿಂದೆ ಹತ್ತಾರು ಮಂದಿ ದಡದಿಂದ ಎಳೆಯುತ್ತಿದ್ದ ರಂಪಣಿ ಬಲೆಯ ಕಾಲವೂ ಇದೇ. ನೀರಿನ ಬಣ್ಣ ಕಪ್ಪಾಗುವುದು, ಹಕ್ಕಿಗಳು ಎರಗುವುದು, ಇವನ್ನು ನೋಡಿ ಗುಂಪು ಎಲ್ಲಿದೆ ಎಂದು ಹೇಳುವ ಕಣ್ಣುಗಳಿದ್ದವು. 1970ರ ದಶಕದ ನಡುವಿನಲ್ಲಿ ಕರ್ನಾಟಕದ ಕರಾವಳಿಗೆ ಪರ್ಸೀನ್ ಬಲೆ ಬಂದ ಮೇಲೆ ರಂಪಣಿ ಹಿಂದೆ ಸರಿಯಿತು.

ಪೆರಾರ್ದೆಯಿಂದ ಮಾಯಿಯವರೆಗೆ ಕಡಲು ಶಾಂತ, ನೀರು ತಿಳಿ. ತಿಳಿನೀರಿನಲ್ಲಿ ಮೀನಿಗೆ ಬಲೆ ಕಾಣುತ್ತದೆ. ಆದುದರಿಂದ ಅಮಾವಾಸ್ಯೆಯ ಹಿಂದು ಮುಂದಿನ ಕತ್ತಲ ರಾತ್ರಿಗಳಿಗೆ ಬೆಲೆ. ಕತ್ತಲಲ್ಲಿ ಮೀನಿನ ಗುಂಪು ಅಲುಗಿದಾಗ ನೀರು ಮಿಣುಕುವುದೂ ಉಂಟು. ಸುಗ್ಗಿ, ಪಗ್ಗು, ಬೇಶ ತಿಂಗಳುಗಳಲ್ಲಿ ಮಧ್ಯಾಹ್ನದ ಗಾಳಿ ಬಲವಾಗುತ್ತದೆ. ಹೆಚ್ಚು ಎಣ್ಣೆ ಸುಟ್ಟು ದೂರ ಹೋಗುವುದಕ್ಕಿಂತ ಬೆಳಗ್ಗಿನ ಚಿಕ್ಕ ಪ್ರಯಾಣವೇ ಲೇಸು.

ಎರಡನೆಯದು ಕಾಯಿದೆಯ ಲೆಕ್ಕ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಮೀನಿಗೆ ಗಡಿ ಗೊತ್ತಿಲ್ಲ, ಆದರೆ ದೋಣಿಗೆ ಗೊತ್ತಿರಬೇಕು. ಕೇರಳದಲ್ಲಿ 1988ರಿಂದ ಮಳೆಗಾಲದ ಟ್ರಾಲಿಂಗ್ ನಿಷೇಧ ಜಾರಿಯಲ್ಲಿದೆ. ಈಗ ಅದು ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ, 52 ದಿನ. ಸಾಂಪ್ರದಾಯಿಕ ದೋಣಿಗಳಿಗೆ ಅಡ್ಡಿಯಿಲ್ಲ. ತಲಪಾಡಿ ದಾಟಿದರೆ ಕರ್ನಾಟಕದ ನೀರು. ಅಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ. ಯಾಂತ್ರಿಕ ದೋಣಿಗಳಿಗೆ ಮಾತ್ರವಲ್ಲ, 10 ಅಶ್ವಶಕ್ತಿಗಿಂತ ಹೆಚ್ಚಿನ ಯಂತ್ರವಿರುವ ನಾಡದೋಣಿಗಳಿಗೂ ಅಲ್ಲಿ ನಿಷೇಧವಿದೆ. ಮಂಜೇಶ್ವರದಿಂದ ಹೊರಟ ದೋಣಿ ಗಾಳಿಗೆ ಉಳ್ಳಾಲದ ಕಡೆ ಸರಿದರೆ ಕಾಯಿದೆಯೇ ಬದಲಾಗುತ್ತದೆ. ಪ್ರತಿ ವರ್ಷದ ಪ್ರಕಟಣೆಯನ್ನು ಓದಿಯೇ ಹೊರಡತಕ್ಕದ್ದು.

ಮೂರನೆಯದು ದಿನದ ಲೆಕ್ಕ. ಮಳೆಗಾಲ ಕಳೆದ ಮೇಲೆ ರಾತ್ರಿಯ ಕೊನೆಯಿಂದ ಬೆಳಗಿನವರೆಗೆ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ. ಬಿಸಿಲೇರಿದ ಮೇಲೆ ಕಡಲಿನಿಂದ ನೆಲಕ್ಕೆ ಬೀಸುತ್ತದೆ. ಹಾಯಿಯ ಕಾಲದಲ್ಲಿ ಒಂದು ಗಾಳಿ ಹಿಡಿದು ಹೋಗಿ, ಇನ್ನೊಂದು ಗಾಳಿ ಹಿಡಿದು ಬರುತ್ತಿದ್ದರು. ಯಂತ್ರ ಬಂದ ಮೇಲೆ ಇದು ಮರೆತುಹೋಗಿದೆ. ಆದರೆ ಯಂತ್ರ ಕೆಟ್ಟ ದಿನ ಹಳೆಯ ಗಾಳಿಯೇ ಯಜಮಾನ. ಮುಂಜಾನೆ ಯಂತ್ರ ನಿಂತರೆ ನೆಲದ ಗಾಳಿ ದೋಣಿಯನ್ನು ಆಚೆಗೆ ಒಯ್ಯುತ್ತದೆ. ಆಗ ಲಂಗರೇ ಗತಿ. 10 ಮಾರು ಆಳದಲ್ಲಿ ಲಂಗರು ಕಚ್ಚಬೇಕಾದರೆ 30 ಮಾರಿಗಿಂತ ಕಡಿಮೆ ಹಗ್ಗ ಸಾಲದು. ಎಣ್ಣೆಯನ್ನು ಮೂರು ಪಾಲು ಮಾಡಬೇಕು: ಒಂದು ಹೋಗುವುದಕ್ಕೆ, ಒಂದು ಬರುವುದಕ್ಕೆ, ಒಂದು ಮುಟ್ಟದೆ ಇಡುವುದಕ್ಕೆ.

ನಾಲ್ಕನೆಯದು ಭರತ, ಇಳಿತದ ಲೆಕ್ಕ. ಶಿರಿಯ ಹೊಳೆಯಾಗಲಿ ಚಂದ್ರಗಿರಿಯಾಗಲಿ, ಅಳಿವೆ ಬಾಗಿಲಲ್ಲಿ ಮರಳ ದಿಬ್ಬವಿರುತ್ತದೆ. ಇಳಿತದ ಹೊತ್ತಿಗೆ ಹೊಳೆಯ ನೀರು ರಭಸದಿಂದ ಹೊರಬರುತ್ತದೆ, ಎದುರಿನಿಂದ ಕಡಲ ತೆರೆ ಬರುತ್ತದೆ. ಇವೆರಡೂ ಡಿಕ್ಕಿ ಹೊಡೆಯುವ ಜಾಗದಲ್ಲಿ ತುಂಬಿದ ದೋಣಿ ಮಗುಚುತ್ತದೆ. ದಿನವಿಡೀ ಕಡಲಲ್ಲಿ ಸುರಕ್ಷಿತವಾಗಿದ್ದವರು ಮನೆಯ ದೀಪ ಕಾಣುವ ದೂರದಲ್ಲಿ ಜೀವ ಕಳೆದುಕೊಳ್ಳುವುದು ಹೀಗೆ. ಏರುತ್ತಿರುವ ಭರತದಲ್ಲಿ ಅಳಿವೆ ದಾಟುವುದೇ ಕ್ರಮ. ಭರತವು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಇಂದು ಬೆಳಿಗ್ಗೆ 10 ಗಂಟೆಗೆ ಭರತ ತುಂಬಿದ್ದರೆ ನಾಳೆ ಸುಮಾರು 10 ಗಂಟೆ 50 ನಿಮಿಷಕ್ಕೆ. ಒಂದು ವಾರ ಕಳೆದರೆ ಅದೇ 10 ಗಂಟೆಗೆ ಇಳಿತ ತಳಮುಟ್ಟುತ್ತದೆ. ಹೋದ ವಾರ ಸುಲಭವಾಗಿ ದಾಟಿದ ಹೊತ್ತೇ ಈ ವಾರ ಅಪಾಯದ ಹೊತ್ತು. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಸೆಳೆತ ಹೆಚ್ಚು, ಅಷ್ಟಮಿಯ ಆಸುಪಾಸಿನಲ್ಲಿ ಕಡಿಮೆ. ಪಂಚಾಂಗ ಮನೆಯ ಗೋಡೆಯಲ್ಲಿ ತೂಗುತ್ತಿದೆ, ನೋಡಿದರೆ ಸಾಕು.

ಇನ್ನು ಮೋಸದ ತಿಂಗಳುಗಳ ಮಾತು. ಮಾರ್ಚ್‌ನಿಂದ ಮೇ ವರೆಗೆ, ಇಲ್ಲಿ ಗಾಳಿಯೂ ಇಲ್ಲದೆ ಮಳೆಯೂ ಇಲ್ಲದೆ ದೊಡ್ಡ ತೆರೆಗಳು ದಡಕ್ಕೆ ನುಗ್ಗುವುದುಂಟು. ಸಾವಿರಾರು ಕಿಲೋಮೀಟರ್ ದೂರದ ದಕ್ಷಿಣ ಸಾಗರದ ತೂಫಾನಿನಿಂದ ಎದ್ದ ತೆರೆಗಳು ಅವು. ಮಲಯಾಳದಲ್ಲಿ ಇದಕ್ಕೆ ಕಳ್ಳಕ್ಕಡಲ್ ಎನ್ನುತ್ತಾರೆ. ಕನ್ನಡದವರಿಗೆ ಅರ್ಥ ಹೇಳಬೇಕಾಗಿಲ್ಲ, ಕಳ್ಳನಂತೆ ಬರುವ ಕಡಲು. 2024ರ ಮಾರ್ಚ್ 31ರಂದು ಕೇರಳದ ದಕ್ಷಿಣ ತೀರದಲ್ಲಿ ಅದು ಮನೆಗಳಿಗೆ ನುಗ್ಗಿತು. ಚಂಡಮಾರುತಗಳ ಕಾಲ ಎರಡು: ಮುಂಗಾರಿನ ಮೊದಲು ಮತ್ತು ಮುಂಗಾರಿನ ನಂತರ. 2021ರ ಮೇ ತಿಂಗಳಲ್ಲಿ ತೌಕ್ತೆ ಈ ತೀರದ ಆಚೆಯಿಂದ ಬಡಗು ಮುಖವಾಗಿ ಸಾಗಿತು. 2017ರ ನವೆಂಬರ್ ಕೊನೆಯಲ್ಲಿ ಓಖಿ ಬಂತು. ಹಲವು ದೋಣಿಗಳು ಎಚ್ಚರಿಕೆ ತಲುಪುವ ಮೊದಲೇ ಹೊರಟುಹೋಗಿದ್ದವು. ಕೇರಳ, ತಮಿಳುನಾಡುಗಳ ನೂರಾರು ಮೀನುಗಾರರು ಮರಳಲಿಲ್ಲ. ಎಷ್ಟು ಮಂದಿ ಹೋಗಿದ್ದರು ಎಂಬ ಪಟ್ಟಿಯೇ ಮೊದಲ ದಿನಗಳಲ್ಲಿ ಸ್ಪಷ್ಟವಿರಲಿಲ್ಲ.

ಈ ಕಾರಣಕ್ಕೆ ಒಂದು ಚೀಟಿಯ ಮಾತು. ಹೊರಡುವ ಮೊದಲು ಯಾರು ಯಾರು ಹೋದರು, ಯಾವ ದಿಕ್ಕಿಗೆ, ಎಷ್ಟು ಮಾರು ಆಳಕ್ಕೆ, ಎಷ್ಟು ಹೊತ್ತಿಗೆ ಮರಳುವರು ಎಂದು ಬರೆದು ದಡದಲ್ಲಿರುವ ಒಬ್ಬರ ಕೈಯಲ್ಲಿ ಕೊಡಬೇಕು. ಹೇಳಿದ ಹೊತ್ತು ಮೀರಿದರೆ ಅವರು ಕಾಯದೆ ಕರಾವಳಿ ಪೊಲೀಸರ 1093ಕ್ಕೆ ಅಥವಾ ಕೋಸ್ಟ್ ಗಾರ್ಡ್‌ನ 1554ಕ್ಕೆ ತಿಳಿಸಬೇಕು. ಚೀಟಿಗೆ ಖರ್ಚಿಲ್ಲ. ಹುಡುಕುವವರಿಗೆ ಅದಕ್ಕಿಂತ ದೊಡ್ಡ ಉಪಕಾರವೂ ಇಲ್ಲ. ಹೈದರಾಬಾದಿನಲ್ಲಿರುವ ಇನ್‌ಕಾಯಿಸ್ ಸಂಸ್ಥೆ ತೆರೆಗಳ ಎತ್ತರವನ್ನೂ, ಉಪಗ್ರಹದ ಮೂಲಕ ನೀರಿನ ಬಿಸಿ ಮತ್ತು ಬಣ್ಣ ನೋಡಿ ಮೀನು ಸಿಗಬಹುದಾದ ಜಾಗವನ್ನೂ ತಿಳಿಸುತ್ತದೆ. ಹವಾಮಾನ ಇಲಾಖೆಯೂ ಮೀನುಗಾರರಿಗೆ ಎಚ್ಚರಿಕೆ ಕೊಡುತ್ತದೆ. ಹಿಂದಿನವರು ಕಣ್ಣಿನಿಂದ ನೋಡಿದ್ದ ನೀರಿನ ಬಣ್ಣವನ್ನೇ ಈಗ ಉಪಗ್ರಹ ನೋಡುತ್ತಿದೆ.

ಇಷ್ಟೆಲ್ಲ ಗೊತ್ತಿದ್ದೂ ಜನ ಕೆಟ್ಟ ದಿನದಲ್ಲಿ ಏಕೆ ಹೊರಡುತ್ತಾರೆ? ಸಾಲ. ಬಲೆಯ ಸಾಲ, ಯಂತ್ರದ ಸಾಲ, ದಿನಸಿಯ ಸಾಲ. ಸರಕಾರದ ಉಳಿತಾಯ ಪರಿಹಾರ ಯೋಜನೆಯಲ್ಲಿ ಮೀನುಗಾರನು 1,500 ರೂಪಾಯಿ ಕಟ್ಟಿದರೆ 3,000 ಸೇರಿಸಿ 4,500 ರೂಪಾಯಿಯನ್ನು ಕೆಲಸವಿಲ್ಲದ ತಿಂಗಳುಗಳಲ್ಲಿ ಕೊಡಲಾಗುತ್ತದೆ. ಅದು ಒಂದು ಮನೆಗೆ ಎಷ್ಟು ದಿನ ಸಾಕು ಎಂದು ತಾಯಂದಿರಿಗೆ ತಿಳಿದಿದೆ. ಆದುದರಿಂದ ಸಾಲ ಕೊಟ್ಟವರ, ಅಂಗಡಿಯವರ ಪಾಲೂ ಇದರಲ್ಲಿದೆ. ಕೆಂಪು ಎಚ್ಚರಿಕೆಯ ದಿನ ಬಾಕಿ ಕೇಳದಿರುವುದು ಧರ್ಮ. ಬಾಕಿ ನಾಳೆಯೂ ಬಂದೀತು, ಹೋದ ಜೀವ ಬಾರದು.

ಕೊನೆಯ ಮಾತು ಮೀನಿನ ಮರಳುವಿಕೆಯದು. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು ಸುಮಾರು 3,300 ಟನ್. ಮುಂದೆ ಅದು ಚೇತರಿಸಿಕೊಂಡಿತು. ಕಡಲಿನ ವಾತಾವರಣದ ಏರುಪೇರಿನೊಡನೆ ಮರಿಮೀನು ಹಿಡಿದದ್ದೂ ಕುಸಿತಕ್ಕೆ ಕಾರಣವೆಂದು ವಿಜ್ಞಾನಿಗಳು ಹೇಳಿದ್ದಾರೆ. ಬೂತಾಯಿ 10 ಸೆಂಟಿಮೀಟರ್, ಬಂಗುಡೆ 14 ಸೆಂಟಿಮೀಟರ್ ಆಗುವ ಮೊದಲು ಹಿಡಿಯಬಾರದೆಂದು ಕೇರಳದಲ್ಲಿ ನಿಯಮವಿದೆ. ಮರಿಯನ್ನು ಬಿಟ್ಟರೆ ಅದು ಮುಂದಿನ ಸೋಣಕ್ಕೆ ಬೆಳೆದು ಬರುತ್ತದೆ. ಹಿಡಿದರೆ ಕೋಳಿ ಆಹಾರದ ಹುಡಿಯಾಗುತ್ತದೆ.

ಹೋಗದೆ ಉಳಿದ ದಿನವನ್ನು ಸೋಲೆಂದು ಯಾರೂ ಎಣಿಸದಿರಲಿ. ದಡದಲ್ಲಿ ಕೂತು ಬಲೆ ಹೆಣೆದ ಆ ದಿನವೂ ಕಸುಬಿನ ದಿನವೇ. ಹೋದ ದೋಣಿಗಳೆಲ್ಲ ಏರುವ ಭರತದಲ್ಲಿ ಅಳಿವೆ ದಾಟಿ ಬರಲಿ, ಈ ಊರಿನ ಪ್ರತಿ ಮನೆಯಲ್ಲೂ ಸಂಜೆಯ ಊಟಕ್ಕೆ ಎಲ್ಲರೂ ಇರಲಿ ಎಂಬುದೇ ಪ್ರಾರ್ಥನೆ.